ಪತ್ತೇದಾರರ ಅಂಕಗಣಿತ

ಕಳ್ಳನನ್ನು ಹಿಡಿದ ಮೇಲೂ ಪೊಲೀಸರಿಗೆ ಒಂದು ಪ್ರಶ್ನೆ ಉಳಿದಿರುತ್ತದೆ: ಇವನು ಯಾರು? ಕೇಳಿದರೆ ಸುಳ್ಳು ಹೆಸರು ಹೇಳುತ್ತಾನೆ. ಹಿಂದೆ ಶಿಕ್ಷೆಯಾಗಿದ್ದರೆ ಈ ಸಲ ಹೆಚ್ಚಿನ ಶಿಕ್ಷೆ ಕಾದಿರುವುದರಿಂದ ಸುಳ್ಳು ಹೇಳಲು ಅವನಿಗೆ ಬೇಕಾದಷ್ಟು ಕಾರಣವಿದೆ. ಲಂಡನ್ ನಗರದ ಪೊಲೀಸರು 1842ರಲ್ಲಿ ಎಂಟು ಜನರ ಪತ್ತೇದಾರಿ ವಿಭಾಗವೊಂದನ್ನು ತೆರೆದರು. 1878ರಲ್ಲಿ ಅದನ್ನು ಪುನರ್ರಚಿಸಿದಾಗ ಹುಟ್ಟಿದ್ದೇ ನಮಗೆಲ್ಲ ಪರಿಚಿತವಾದ ಸಿ.ಐ.ಡಿ. ಈ ಪತ್ತೇದಾರರು ಜೈಲಿಗೆ ಹೋಗಿ, ಹೊಸದಾಗಿ ಬಂದ ಕೈದಿಗಳ ಮುಖ ನೋಡಿ, ಹಳೆಯ ಗಿರಾಕಿಗಳಿದ್ದಾರೆಯೇ ಎಂದು ನೆನಪಿನಿಂದಲೇ ಗುರುತಿಸಬೇಕಾಗಿತ್ತು.

ನೆನಪು ಎಷ್ಟು ನಂಬಲರ್ಹ? ಅಡಾಲ್ಫ್ ಬೆಕ್ ಎಂಬುವನನ್ನು ಹಲವು ಮಹಿಳೆಯರು ‘ನಮ್ಮನ್ನು ವಂಚಿಸಿದವನು ಇವನೇ’ ಎಂದು ಗುರುತಿಸಿದ್ದರಿಂದ 1896ರಲ್ಲಿ ಅವನಿಗೆ ಏಳು ವರ್ಷಗಳ ಶಿಕ್ಷೆಯಾಯಿತು. ಬಿಡುಗಡೆಯಾಗಿ ಬಂದವನನ್ನು 1904ರಲ್ಲಿ ಅದೇ ಬಗೆಯ ವಂಚನೆಗಾಗಿ ಮತ್ತೆ ತಪ್ಪಿತಸ್ಥನೆಂದು ತೀರ್ಮಾನಿಸಲಾಯಿತು. ಅಷ್ಟರಲ್ಲಿ ನಿಜವಾದ ವಂಚಕ ಸಿಕ್ಕಿಬಿದ್ದ. ಬೆಕ್ ಎರಡೂ ಸಲ ನಿರಪರಾಧಿ.

ಬೆರಳಚ್ಚಿನ ವಿಷಯ ಆಗ ತಿಳಿದಿರಲಿಲ್ಲವೆಂದಲ್ಲ. ಬಂಗಾಳದಲ್ಲಿ ಅಧಿಕಾರಿಯಾಗಿದ್ದ ವಿಲಿಯಂ ಹರ್ಷೆಲ್ 1858ರಲ್ಲೇ ಒಪ್ಪಂದಪತ್ರಕ್ಕೆ ಕೈಯ ಅಚ್ಚು ಹಾಕಿಸಿಕೊಂಡಿದ್ದ. ಫ್ರಾನ್ಸಿಸ್ ಗಾಲ್ಟನ್ 1892ರಲ್ಲಿ ಬೆರಳಚ್ಚಿನ ಬಗ್ಗೆ ಒಂದು ಪುಸ್ತಕವನ್ನೇ ಬರೆದ. ಆದರೆ ಅಚ್ಚುಗಳು ಒಬ್ಬರಂತೆ ಇನ್ನೊಬ್ಬರಿಗಿಲ್ಲ ಎಂದು ಗೊತ್ತಾದ ಮಾತ್ರಕ್ಕೆ ಕಚೇರಿಯ ಕೆಲಸ ನಡೆಯುವುದಿಲ್ಲ. ಕಪಾಟಿನಲ್ಲಿ ಒಂದು ಲಕ್ಷ ಹಾಳೆಗಳಿದ್ದರೆ, ಈ ಮನುಷ್ಯನ ಹಾಳೆಯನ್ನು ಹುಡುಕುವುದು ಹೇಗೆ? ಹೆಸರಿನ ಅಕಾರಾದಿಯಲ್ಲಿ ಜೋಡಿಸಿ ಫಲವಿಲ್ಲ; ಹೆಸರೇ ಸುಳ್ಳು.

ಇದಕ್ಕೆ ಉತ್ತರ ಸಿಕ್ಕಿದ್ದು ಕಲ್ಕತ್ತೆಯಲ್ಲಿ. ಬಂಗಾಳದ ಪೊಲೀಸ್ ಮುಖ್ಯಸ್ಥನಾಗಿದ್ದ ಎಡ್ವರ್ಡ್ ಹೆನ್ರಿಯ ಕೈಕೆಳಗೆ ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸ್ ಎಂಬ ಇಬ್ಬರು ಭಾರತೀಯ ಅಧಿಕಾರಿಗಳಿದ್ದರು. ವಿಂಗಡಣೆಯ ಗಣಿತಸೂತ್ರವನ್ನು ರೂಪಿಸಿದವರು ಹಕ್. ಪದ್ಧತಿಗೆ ನಿಂತ ಹೆಸರು ಮಾತ್ರ ಹೆನ್ರಿಯದು! 1897ರಲ್ಲಿ ಅಲ್ಲಿ ಬೆರಳಚ್ಚು ಕಚೇರಿ ಆರಂಭವಾಯಿತು. ಲಂಡನ್ನಿನಲ್ಲಿ ಅಂಥದ್ದು ತೆರೆದದ್ದು ನಾಲ್ಕು ವರ್ಷಗಳ ನಂತರ.

ಈ ಸೂತ್ರವನ್ನು ನೀವೇ ಮಾಡಿ ನೋಡಬಹುದು. ನಿಮ್ಮ ಬೆರಳ ತುದಿಗಳನ್ನು ಬೆಳಕಿಗೆ ಹಿಡಿಯಿರಿ. ಗೆರೆಗಳು ಒಂದು ಬದಿಯಿಂದ ಹೊರಟು ಬಳುಕಿ ಅದೇ ಬದಿಗೆ ಮರಳಿದರೆ ಅದು ಕುಣಿಕೆ. ಒಂದು ಬದಿಯಿಂದ ಇನ್ನೊಂದು ಬದಿಗೆ ದಾಟಿದರೆ ಕಮಾನು. ಸುತ್ತಿ ಸುತ್ತಿ ಕೇಂದ್ರ ಸೇರಿದರೆ ಸುಳಿ. (ಹಿರಿಯರು ‘ಚಕ್ರ’ ಎಂದು ಕರೆದು ಭವಿಷ್ಯ ಹೇಳುತ್ತಿದ್ದುದು ಈ ಸುಳಿಯನ್ನೇ. ಇಲ್ಲಿ ಅದರ ಉಪಯೋಗ ಭೂತಕಾಲ ತಿಳಿಯಲು.) ಬಲ ಹೆಬ್ಬೆರಳಿನಿಂದ ಬಲ ಕಿರುಬೆರಳಿನವರೆಗೆ 1ರಿಂದ 5, ಎಡ ಹೆಬ್ಬೆರಳಿನಿಂದ ಎಡ ಕಿರುಬೆರಳಿನವರೆಗೆ 6ರಿಂದ 10 ಎಂದು ಸಂಖ್ಯೆ ಕೊಡಿ. 1 ಮತ್ತು 2ನೆಯ ಬೆರಳುಗಳಲ್ಲಿ ಸುಳಿಯಿದ್ದರೆ ತಲಾ 16 ಅಂಕ. 3, 4ಕ್ಕೆ 8. 5, 6ಕ್ಕೆ 4. 7, 8ಕ್ಕೆ 2. 9, 10ಕ್ಕೆ 1. ಸುಳಿಯಿಲ್ಲದ ಬೆರಳಿಗೆ ಸೊನ್ನೆ. ಸಮಸಂಖ್ಯೆಯ ಬೆರಳುಗಳ ಮೊತ್ತಕ್ಕೆ 1 ಕೂಡಿಸಿ ಮೇಲೆ ಬರೆಯಿರಿ. ಬೆಸಸಂಖ್ಯೆಯವುಗಳ ಮೊತ್ತಕ್ಕೆ 1 ಕೂಡಿಸಿ ಕೆಳಗೆ ಬರೆಯಿರಿ. ಬಲ ತೋರುಬೆರಳು ಮತ್ತು ಎಡ ಹೆಬ್ಬೆರಳಿನಲ್ಲಿ ಮಾತ್ರ ಸುಳಿಯಿದ್ದವರ ಸಂಖ್ಯೆ 21/1. ಇದು ಭಿನ್ನರಾಶಿಯಂತೆ ಕಂಡರೂ ಭಿನ್ನರಾಶಿಯಲ್ಲ. 2/2 ಎಂಬುದನ್ನು ಸಂಕ್ಷೇಪಿಸಿ 1/1 ಮಾಡಿದರೆ ಬೇರೆಯವರ ಹಾಳೆಗೆ ಕೈಹಾಕಿದಂತೆ.

ಮೇಲೆ 32 ಸಾಧ್ಯತೆಗಳು, ಕೆಳಗೆ 32. ಒಟ್ಟು 1024 ಗೂಡುಗಳು. ಕಂಪ್ಯೂಟರ್ ಬಲ್ಲವರಿಗೆ ಇದು ಪರಿಚಿತ ಸಂಖ್ಯೆ. ಹತ್ತು ಬೆರಳು, ಪ್ರತಿಯೊಂದಕ್ಕೂ ‘ಇದೆ’ ಅಥವಾ ‘ಇಲ್ಲ’: 2ರ 10ನೆಯ ಘಾತ. ಬಿಟ್ ಎಂಬ ಪದ ಹುಟ್ಟುವುದಕ್ಕೆ ಮೊದಲೇ ಹಕ್ ಮನುಷ್ಯನ ಎರಡು ಕೈಗಳನ್ನು ಹತ್ತು ಬಿಟ್‌ಗಳ ದ್ವಿಮಾನ ಸಂಖ್ಯೆಯಾಗಿ ಓದಿದ್ದರು.

ಗೂಡುಗಳು ಸಮವಾಗಿ ತುಂಬುವುದಿಲ್ಲ. ಸುಮಾರು ಮೂರನೆಯ ಒಂದರಷ್ಟು ಅಚ್ಚುಗಳು ಸುಳಿಗಳು. ಬೆರಳುಗಳು ಪರಸ್ಪರ ಸ್ವತಂತ್ರವೆಂದು ಭಾವಿಸಿದರೆ ಸುಳಿಯೇ ಇಲ್ಲದವರ (1/1) ಪ್ರಮಾಣ 2/3ರ 10ನೆಯ ಘಾತ, ಅಂದರೆ ಶೇಕಡ 2ಕ್ಕೂ ಕಡಿಮೆ ಇರಬೇಕು. ವಾಸ್ತವದಲ್ಲಿ ಅವರು ಇದಕ್ಕಿಂತ ಬಹಳ ಹೆಚ್ಚು. ಒಬ್ಬನ ಒಂದು ಬೆರಳಿಗೂ ಇನ್ನೊಂದಕ್ಕೂ ಸಂಬಂಧವಿರುವುದೇ ಇದಕ್ಕೆ ಕಾರಣ. ಸಂಭವನೀಯತೆಯ ಪಾಠದಲ್ಲಿ ‘ಸ್ವತಂತ್ರ ಘಟನೆ’ ವಿವರಿಸುವಾಗ ನಾಣ್ಯದ ಜೊತೆಗೆ ಈ ಉದಾಹರಣೆಯನ್ನೂ ಕೊಡಬಹುದು. ತುಂಬಿದ ಗೂಡುಗಳನ್ನು ಗೆರೆಗಳ ಎಣಿಕೆಯಿಂದ ಮತ್ತೆ ಒಡೆಯುತ್ತಿದ್ದರು.

1901ರಲ್ಲಿ ಹೆನ್ರಿಯೇ ಲಂಡನ್ ಸಿ.ಐ.ಡಿ.ಯ ಹೊಣೆ ಹೊತ್ತು, ಅಲ್ಲಿ ಬೆರಳಚ್ಚು ಕಚೇರಿ ತೆರೆದ. ಆದರೆ ಈ ಪದ್ಧತಿಗೆ ಹತ್ತೂ ಬೆರಳುಗಳು ಬೇಕು. ಅಪರಾಧ ನಡೆದ ಜಾಗದಲ್ಲಿ ಸಿಗುವುದು ಒಂದು ಬೆರಳಿನ ಅಚ್ಚು, ಅದೂ ಹಲವು ಸಲ ಅರ್ಧ. ಇಲ್ಲೇ ಪತ್ತೇದಾರರ ಕಾಲ್ನಡಿಗೆಯ ಕೆಲಸ ಮುಖ್ಯವಾಗುವುದು. 1905ರ ಮಾರ್ಚ್‌ನಲ್ಲಿ ಲಂಡನ್ನಿನ ಡೆಪ್ಟ್‌ಫರ್ಡ್‌ನಲ್ಲಿ ಬಣ್ಣದ ಅಂಗಡಿ ನೋಡಿಕೊಳ್ಳುತ್ತಿದ್ದ ವೃದ್ಧ ದಂಪತಿಗಳ ಕೊಲೆಯಾಯಿತು. ಹಣದ ಪೆಟ್ಟಿಗೆಯ ಮೇಲೆ ಒಂದು ಹೆಬ್ಬೆಟ್ಟಿನ ಅಚ್ಚು. ಮೊದಲು, ಅದು ಆ ದಂಪತಿಗಳದೂ ಅಲ್ಲ, ಪೆಟ್ಟಿಗೆ ಮುಟ್ಟಿದ್ದ ಪೊಲೀಸನದೂ ಅಲ್ಲ ಎಂದು ಖಚಿತಪಡಿಸಿಕೊಂಡರು. ಕಚೇರಿಯ ಕಡತಗಳಲ್ಲಿ ಜೋಡಿ ಸಿಗಲಿಲ್ಲ. ಆ ಬೆಳಿಗ್ಗೆ ಬೀದಿಯಲ್ಲಿ ಇಬ್ಬರನ್ನು ಕಂಡವರ ಹೇಳಿಕೆಗಳ ಜಾಡು ಹಿಡಿದು ಪತ್ತೇದಾರರು ಸ್ಟ್ರಾಟನ್ ಸೋದರರನ್ನು ಹಿಡಿದರು. ಹಿರಿಯನ ಬಲ ಹೆಬ್ಬೆರಳು ಹೊಂದಿತು. ಇಬ್ಬರಿಗೂ ಗಲ್ಲಾಯಿತು.

ಅನುಕ್ರಮವನ್ನು ಗಮನಿಸಿ. ಶಂಕಿತ ಸಿಕ್ಕಿದ್ದು ಬೇರೆ ದಾರಿಯಿಂದ. ಅಚ್ಚು ಅದನ್ನು ಸ್ವತಂತ್ರವಾಗಿ ದೃಢಪಡಿಸಿತು. ಕಂಪ್ಯೂಟರ್ ಬಂದ ಮೇಲೆ ಈ ಅನುಕ್ರಮ ತಿರುಗಿದೆ. ಒಂದು ಅರೆಬರೆ ಅಚ್ಚನ್ನು ಕೊಟ್ಟರೆ ಯಂತ್ರ ಕೋಟಿಗಟ್ಟಲೆ ದಾಖಲೆಗಳನ್ನು ಜಾಲಾಡಿ ಅತಿ ಹತ್ತಿರದವನ್ನು ಮುಂದಿಡುತ್ತದೆ. ಭಾರತದಲ್ಲೂ 2022ರಲ್ಲಿ ನಾಫಿಸ್ ಎಂಬ ರಾಷ್ಟ್ರೀಯ ವ್ಯವಸ್ಥೆ ಚಾಲನೆ ಪಡೆಯಿತು.

ಒಂದು ಲೆಕ್ಕ ಮಾಡೋಣ. ಮಸುಕಾದ ಅಚ್ಚೊಂದನ್ನು ಆಕಸ್ಮಿಕವಾಗಿ ಹೋಲುವ ಬೆರಳು ಒಂದು ಕೋಟಿಯಲ್ಲಿ ಒಂದು ಎಂದಿಟ್ಟುಕೊಳ್ಳಿ. ಒಂದು ಲಕ್ಷ ಬೆರಳುಗಳ ಕಡತದಲ್ಲಿ ಅಂಥದ್ದು ಸಿಗುವ ಸಂಭವ ನೂರರಲ್ಲಿ ಒಂದು. ಐದು ಕೋಟಿ ಬೆರಳುಗಳಲ್ಲಿ ಹುಡುಕಿದರೆ? ಸರಾಸರಿ ಐದು ಸಿಗುತ್ತವೆ, ಐದೂ ನಿರಪರಾಧಿಗಳವು. ಕಡತ ದೊಡ್ಡದಾದಂತೆ ಅಪರಾಧಿ ಸಿಗುವ ಸಂಭವ ಹೆಚ್ಚುವುದು ನಿಜ. ಜೊತೆಗೆ ಅವನನ್ನು ಹೋಲುವವರೂ ಹೆಚ್ಚುತ್ತಾರೆ.

ಇದು ಬರಿಯ ಕಾಗದದ ಲೆಕ್ಕವಲ್ಲ. 2004ರ ಮಾರ್ಚ್‌ನಲ್ಲಿ ಸ್ಪೇನ್‌ನ ಮ್ಯಾಡ್ರಿಡ್‌ನಲ್ಲಿ ರೈಲುಗಳಲ್ಲಿ ಬಾಂಬ್ ಸ್ಫೋಟಗಳಾದವು. ಸ್ಫೋಟಕ ಸಾಮಗ್ರಿಯಿದ್ದ ಚೀಲದ ಮೇಲಿನ ಅಚ್ಚನ್ನು ಅಮೆರಿಕದ ಎಫ್.ಬಿ.ಐ. ತನ್ನ ಕಂಪ್ಯೂಟರಿನಲ್ಲಿ ಹುಡುಕಿ, ಆರೆಗನ್ ರಾಜ್ಯದ ಒಬ್ಬ ವಕೀಲರದ್ದೆಂದು ಸಾರಿತು. ಅನುಭವಿ ತಜ್ಞರು ಒಬ್ಬರ ನಂತರ ಒಬ್ಬರು ಅನುಮೋದಿಸಿದರು. ಸ್ಪೇನ್ ಪೊಲೀಸರು ಒಪ್ಪಲಿಲ್ಲ. ಎರಡು ವಾರ ಬಂಧನದಲ್ಲಿದ್ದ ವಕೀಲರನ್ನು, ಆ ಅಚ್ಚು ಬೇರೊಬ್ಬನದೆಂದು ಸ್ಪೇನ್ ತೋರಿಸಿದ ಮೇಲೆ ಬಿಟ್ಟು ಕ್ಷಮೆ ಕೇಳಲಾಯಿತು.

ತನಿಖೆ ಬಯಲಿಗೆಳೆದ ಕಾರಣಗಳಲ್ಲೊಂದು ವಿಜ್ಞಾನದ ವಿದ್ಯಾರ್ಥಿಗಳಿಗೆ ಹತ್ತಿರದ್ದು. ತಜ್ಞರು ವಕೀಲರ ಸ್ಪಷ್ಟ ಅಚ್ಚಿನಲ್ಲಿ ಕಂಡ ಕವಲುಗಳನ್ನು, ಗೆರೆ ಮುಗಿಯುವ ಬಿಂದುಗಳನ್ನು ಚೀಲದ ಮಸುಕು ಅಚ್ಚಿನಲ್ಲಿ ‘ಕಾಣತೊಡಗಿದ್ದರು’. ಪ್ರಯೋಗಶಾಲೆಯಲ್ಲಿ g ಬೆಲೆ 9.8 ಬರಬೇಕೆಂದು ಮೊದಲೇ ತಿಳಿದವನು ಲೋಲಕದ ಆಂದೋಲನ ಎಣಿಸುವಂತೆ! ಈಗ ಎಫ್.ಬಿ.ಐ. ಕ್ರಮ ಬದಲಾಗಿದೆ. ಪರೀಕ್ಷಕರು ಘಟನಾಸ್ಥಳದ ಅಚ್ಚನ್ನಷ್ಟೇ ಮೊದಲು ನೋಡಿ ಅದರ ಲಕ್ಷಣಗಳನ್ನು ಗುರುತು ಹಾಕಿಡಬೇಕು. ಶಂಕಿತನ ಅಚ್ಚನ್ನು ತೆರೆಯುವುದು ಆಮೇಲೆ.