ಜಗನ್ಮೋಹನದ ಹನ್ನೊಂದು ಮಂದಿ

ಮೈಸೂರಿನ ಜಗನ್ಮೋಹನ ಅರಮನೆಯ ಚಿತ್ರಶಾಲೆಗೆ ಬರುವ ಯಾತ್ರಿಕರಲ್ಲಿ ಹೆಚ್ಚಿನವರು ಹಲ್ದಣ್‌ಕರರ ದೀಪಧಾರಿಣಿಯನ್ನು ಕಾಣಬೇಕೆಂಬ ಒಂದೇ ಆತುರದಿಂದ ಮೆಟ್ಟಿಲೇರುವವರು. ಮುಮ್ಮಡಿ ಕೃಷ್ಣರಾಜ ಒಡೆಯರು 1861ರಲ್ಲಿ ಕಟ್ಟಿಸಿದ, ಹಳೆಯ ಅರಮನೆಯು 1897ರಲ್ಲಿ ಅಗ್ನಿಗೆ ಆಹುತಿಯಾದ ಮೇಲೆ ರಾಜಪರಿವಾರಕ್ಕೆ ಆಶ್ರಯವಿತ್ತ, 1902ರಲ್ಲಿ ನಾಲ್ವಡಿಯವರ ಅಧಿಕಾರಗ್ರಹಣವನ್ನು ಕಂಡ, 1915ರಿಂದ ಚಿತ್ರಶಾಲೆಯಾಗಿ ಬಾಳುತ್ತಿರುವ ಈ ಮಂದಿರದ ಚರಿತ್ರೆಯನ್ನು ಇಷ್ಟಕ್ಕೇ ಮುಗಿಸಿ, ನಾನು ಯಾವ ಪಟಕ್ಕಾಗಿ ಹೋದೆನೋ ಅದರ ಮುಂದೆಯೇ ಓದುಗರನ್ನು ನಿಲ್ಲಿಸುವುದು ನನಗೆ ಹೆಚ್ಚು ಪ್ರಿಯ.

ಅದು ರಾಜಾ ರವಿವರ್ಮರು 1889ರ ಸುಮಾರಿಗೆ ರಚಿಸಿದ ಗಾಯಕಿಯರ ಗೋಷ್ಠಿಯ ತೈಲಚಿತ್ರ. ಹನ್ನೊಂದು ಮಂದಿ ಸ್ತ್ರೀಯರು: ಬಿಳಿಯ ಮುಂಡನ್ನುಟ್ಟು ವೀಣೆ ಹಿಡಿದ ನಾಯರ್ ಹೆಂಗಸು, ಮುಸಲ್ಮಾನ ಗಾಯಕಿ, ಮರಾಠಿಗಿತ್ತಿ, ಪಾರ್ಸಿ ಮನೆತನದವಳು, ಹಿಂದಿನ ಸಾಲಿನಲ್ಲಿ ಟೋಪಿ ಧರಿಸಿದ ಐರೋಪ್ಯ ವೇಷದವಳು. ಈ ಚಿತ್ರವನ್ನು ನನಗೆ ಮೊದಲು ತೋರಿಸಿದವಳು ನನ್ನ ಸೋದರತ್ತೆ. ಆಕೆಗೆ ಚಿತ್ರಕಲೆಯ ಗಂಧವಿರಲಿಲ್ಲ. ಸೀರೆಯ ವಿಷಯದಲ್ಲಿ ಮಾತ್ರ ಆಕೆಯ ಪಾಂಡಿತ್ಯ ಪ್ರಶ್ನಾತೀತವಾದುದು. "ಇವರು ಒಂದೇ ಊರಿನವರಲ್ಲ ಕಣೋ, ಸೆರಗು ನೋಡು, ಒಬ್ಬೊಬ್ಬಳದು ಒಂದೊಂದು ದಾರಿ ಹಿಡಿದಿದೆ" ಎಂದು ಆಕೆ ಅಂದದ್ದನ್ನು, ಮುಂದೆ ನಾನು ಓದಿದ ಯಾವ ವಿಮರ್ಶೆಯೂ ಮೀರಿಸಲಿಲ್ಲ.

ಆ ಸೆರಗುಗಳ ಹಿಂದೆ ಬಹು ದೀರ್ಘವಾದ ಸಂಚಾರವಿದೆ. 1848ರಲ್ಲಿ ತಿರುವಾಂಕೂರಿನ ಕಿಳಿಮಾನೂರಿನಲ್ಲಿ ಜನಿಸಿದ ರವಿವರ್ಮರಿಗೆ 1888ರಲ್ಲಿ ಬರೋಡೆಯ ಸಯಾಜಿರಾವ್ ಗಾಯಕವಾಡರು ಹದಿನಾಲ್ಕು ಪೌರಾಣಿಕ ಚಿತ್ರಗಳನ್ನು ಬರೆದುಕೊಡುವಂತೆ ಒಪ್ಪಿಸಿದಾಗ, ಅವರನ್ನು ಕಾಡಿದ ಸಮಸ್ಯೆ ಬಣ್ಣದ್ದೂ ಅಲ್ಲ, ರೇಖೆಯದೂ ಅಲ್ಲ. ದಮಯಂತಿಯು ಏನನ್ನುಟ್ಟಿದ್ದಳು ಎಂಬುದು! ಮಲೆಯಾಳದ ಮುಂಡನ್ನು ಉಡಿಸಿದರೆ ಉತ್ತರದವರು ಆಕೆಯನ್ನು ತಮ್ಮವಳೆನ್ನಲಾರರು. ಘಾಗ್ರಾ ತೊಡಿಸಿದರೆ ದಕ್ಷಿಣದವರು ಮುಖ ತಿರುಗಿಸುವರು. ಸಮಸ್ತ ಭಾರತಕ್ಕೂ ಸಲ್ಲುವ ಉಡುಪೊಂದು ದೊರಕೀತೇ ಎಂದು, ತಾವೂ ಚಿತ್ರಕಾರರಾಗಿದ್ದ ತಮ್ಮ ರಾಜರಾಜವರ್ಮರನ್ನು ಜೊತೆಗೂಡಿಸಿಕೊಂಡು ಅವರು ಉತ್ತರಭಾರತವನ್ನೆಲ್ಲ ಸುತ್ತಿದರು. ಅಂಥದೊಂದು ಉಡುಪು ಎಲ್ಲಿಯೂ ಸಿಗಲಿಲ್ಲ. ಕಡೆಗೆ ಸೀರೆಯನ್ನೇ, ಅದರಲ್ಲಿಯೂ ಬಹುಮಟ್ಟಿಗೆ ಮರಾಠಿ ಕ್ರಮದ ಉಡಿಗೆಯನ್ನೇ, ಅವರು ನಾಯಿಕೆಯರಿಗೆ ಕೊಟ್ಟರು. 1894ರಲ್ಲಿ ಮುಂಬಯಿಯಲ್ಲಿ ಅವರ ಮುದ್ರಣಾಲಯ ಆರಂಭವಾದ ಮೇಲೆ ಆ ಉಡಿಗೆ ಅಚ್ಚಿನ ಪಟಗಳ ಮೂಲಕ ನಮ್ಮ ಅತ್ತೆಯ ದೇವರಮನೆಯ ಲಕ್ಷ್ಮಿಯವರೆಗೂ ಬಂದು ತಲುಪಿತು.

ಚಿತ್ರಗಳೂ ಚಿತ್ರಕಾರನಷ್ಟೇ ಅಲೆದವು. ಬರೋಡೆಯ ಅರಮನೆಯ ಗೋಡೆಯನ್ನೇರುವ ಮೊದಲು ಆ ಹದಿನಾಲ್ಕೂ ಪಟಗಳು ತಿರುವನಂತಪುರದಲ್ಲಿ ಸಾರ್ವಜನಿಕರ ದರ್ಶನಕ್ಕೆ ನಿಂತವು. ಅನಂತರ ಪಶ್ಚಿಮಭಾರತದಲ್ಲಿಯೂ ಜನ ಮುಗಿಬಿದ್ದರು. 1873ರಲ್ಲಿ ವಿಯೆನ್ನಾ ಪ್ರದರ್ಶನದಲ್ಲಿ ಅವರ ಕೃತಿಗೆ ಬಹುಮಾನ ಬಂದಿತ್ತು. 1893ರಲ್ಲಿ ಶಿಕಾಗೋಗೆ ಹತ್ತು ಚಿತ್ರಗಳು ಹಡಗೇರಿ, ಎರಡು ಪದಕಗಳನ್ನು ಗಳಿಸಿದವು. ಸಮುದ್ರೋಲ್ಲಂಘನವನ್ನು ನಿಷಿದ್ಧವೆಂದು ಬಗೆಯುತ್ತಿದ್ದ ಕಾಲದ ರವಿವರ್ಮರು ಮಾತ್ರ ಒಮ್ಮೆಯೂ ಕಡಲು ದಾಟಲಿಲ್ಲ. ತಮ್ಮ ಮೆಚ್ಚಿನ ಸೃಷ್ಟಿಗಳನ್ನು ಪೆಟ್ಟಿಗೆಗೆ ತುಂಬಿ ಮೊಳೆ ಹೊಡೆಸಿ ಕಳುಹಿಸಿಬಿಟ್ಟು ತಿಂಗಳುಗಟ್ಟಲೆ ಸುದ್ದಿಗಾಗಿ ಕಾಯುವ ಆ ಮನಃಸ್ಥಿತಿಯನ್ನು, ಮಗಳನ್ನು ದೂರದೂರಿಗೆ ಕೊಟ್ಟವರು ಊಹಿಸಿಕೊಳ್ಳಬಲ್ಲರು.

ತೈಲವರ್ಣದ ಮರ್ಮವನ್ನು ಕುರಿತು ಒಂದು ಮಾತು. ನಮ್ಮ ಮೈಸೂರು ಶೈಲಿಯ ಚಿತ್ರಕಾರರು ಒಡವೆಯ ಹೊಳಪಿಗೆ ಮಕ್ಕಿ ಸಫೇದದ ಲೇಪವನ್ನು ಉಬ್ಬಿಸಿ ಅದರ ಮೇಲೆ ಚಿನ್ನದ ರೇಕನ್ನೇ ಅಂಟಿಸುವರು. ರವಿವರ್ಮರ ಜರಿಯಂಚನ್ನು ಹತ್ತಿರದಿಂದ ನೋಡಿ: ಚಿನ್ನವಿಲ್ಲ, ಕಂದುಬಣ್ಣದ ಮೇಲೆ ಹಳದಿಯ ಪುಟ್ಟ ಪುಟ್ಟ ಸ್ಪರ್ಶಗಳಿವೆ. ನಾಲ್ಕು ಹೆಜ್ಜೆ ಹಿಂದೆ ಸರಿದರೆ ಅದೇ ಥಳಥಳಿಸುತ್ತದೆ. ಅತ್ತೆ ಈ ಹಿಂದು ಮುಂದಿನ ನಡಿಗೆಯನ್ನು ಮೂರು ಸಲ ಮಾಡಿ, "ಮೋಸಗಾರ" ಎಂದು ಮೆಚ್ಚಿಕೊಂಡಿದ್ದಳು.

ರಾಜರಾಜವರ್ಮರು ಆ ಸಂಚಾರಜೀವನದ ದಿನಚರಿಯನ್ನು ಇಂಗ್ಲಿಷಿನಲ್ಲಿ ಬರೆದಿಡುತ್ತಿದ್ದರು. 1905ರಲ್ಲಿ ಅವರು ತೀರಿಕೊಂಡರು. ಮರುವರ್ಷ ಅಕ್ಟೋಬರ್ 2ರಂದು ಕಿಳಿಮಾನೂರಿನಲ್ಲಿ ಅಣ್ಣನೂ ಕಣ್ಮುಚ್ಚಿದರು.

ಗಾಯಕಿಯರ ಚಿತ್ರದಲ್ಲಿ ಅತ್ತೆಗೆ ಒಪ್ಪದ ಸಂಗತಿಯೊಂದಿತ್ತು. "ಒಬ್ಬಳೂ ಇನ್ನೊಬ್ಬಳ ಮುಖ ನೋಡುತ್ತಿಲ್ಲವಲ್ಲೋ, ರೈಲಿಗೆ ಕಾದು ಕೂತವರ ಹಾಗಿದ್ದಾರೆ" ಎಂದಿದ್ದಳು. ಬೇರೆಬೇರೆ ಊರುಗಳ ಮುಖಗಳನ್ನು ಕಣ್ಣಿನಲ್ಲಿ ತುಂಬಿಕೊಂಡು ಬಂದ ಚಿತ್ರಕಾರನು ಅವರನ್ನು ಒಂದೆಡೆ ಕುಳ್ಳಿರಿಸಿದನೇ ಹೊರತು, ಪರಸ್ಪರ ಪರಿಚಯ ಮಾಡಿಸಲು ಮರೆತನೇನೋ. ಅತ್ತೆ ಹೋಗಿ ಬಹಳ ವರ್ಷಗಳಾದವು. ಈ ಸಲ ನನ್ನ ಪಕ್ಕದಲ್ಲಿ ಶಾಲೆಯ ಬಾಲಿಕೆಯರು ನಿಂತು, ಪಟದಲ್ಲಿರುವವರನ್ನು ಬೆರಳು ಮಡಿಸಿ ಎಣಿಸತೊಡಗಿದ್ದರು. ಅಷ್ಟರಲ್ಲಿ ದೀಪದ ಹೆಂಗಸು ಆ ಕಡೆ ಇದ್ದಾಳೆಂದು ಯಾರೋ ಕೂಗಿದರು. ಎಣಿಕೆ ಏಳಕ್ಕೇ ನಿಂತುಹೋಯಿತು.