ಪೇಪರ್ ಬರೆದಾಯ್ತು, ಮುಂದೆ?

ಸಂಶೋಧಕರ ಕೆಲಸ ಎಲ್ಲಿಗೆ ಮುಗಿಯುತ್ತೆ? ಈ ಸಂಚಿಕೆಯ ಪ್ರಶ್ನೆ ಅದು. ಇದನ್ನ ಕೇಳೋಕೆ ನಾವು ಕುವೈತ್‌ನ ಜಾಬ್ರಿಯಾಕ್ಕೆ ಹೋಗೋಣ. ಕುವೈತ್ ವಿಶ್ವವಿದ್ಯಾಲಯದ ವೈದ್ಯಕೀಯ ಕಾಲೇಜು, ಮುಬಾರಕ್ ಅಲ್-ಕಬೀರ್ ಆಸ್ಪತ್ರೆ, ಕೇಂದ್ರ ರಕ್ತನಿಧಿ ಎಲ್ಲವೂ ಇರೋದು ಈ ಬಡಾವಣೆಯಲ್ಲೇ. ಅಂದ್ರೆ ಸಂಶೋಧಕರೂ ರೋಗಿಗಳೂ ಒಂದೇ ಕಡೆ ಓಡಾಡುವ ಜಾಗ.

ಆದರೆ ಸಂಶೋಧಕರ ಬಡ್ತಿಯ ಲೆಕ್ಕ ಬೇರೆ. ಎಷ್ಟು ಪೇಪರ್, ಯಾವ ಜರ್ನಲ್, ಎಷ್ಟು ಜನ ಉಲ್ಲೇಖಿಸಿದ್ರು ಅನ್ನೋದೇ ಜಗತ್ತಿನ ಬಹುತೇಕ ಕಡೆ ಮುಖ್ಯ. ಜನರ ಜೊತೆ ಮಾತಾಡಿದ್ದಕ್ಕೆ ಅಂಕ ಸಿಗೋದು ಅಪರೂಪ. ಹೊರದೇಶದಿಂದ ಹೋದವರಿಗೆ ಇನ್ನೊಂದು ತೊಡಕು: ಇಕಾಮಾ ಕೆಲಸಕ್ಕೆ ಕಟ್ಟಿಕೊಂಡಿರುತ್ತೆ. ಕಾಂಟ್ರಾಕ್ಟ್ ಮುಗಿದರೆ ಊರಿಗೆ. ಹೀಗಿರುವಾಗ ಬಾಯಿ ಬಿಟ್ಟು ಮಾತಾಡೋಕೆ ಯಾರಾದ್ರೂ ಹಿಂದೆಮುಂದೆ ನೋಡ್ತಾರೆ.

ಈಗ ಬಿಸಿಲಿನ ವಿಷಯಕ್ಕೆ ಬರೋಣ. 2016ರ ಜುಲೈ 21ರಂದು ಕುವೈತ್‌ನ ಮಿತ್ರಿಬಾದಲ್ಲಿ 53.9 ಡಿಗ್ರಿ ಸೆಲ್ಸಿಯಸ್ ದಾಖಲಾಯ್ತು. ಶಾಖ ಜನರನ್ನ ಕೊಲ್ಲುತ್ತೆ, ಆದರೆ ಮರಣಪತ್ರದಲ್ಲಿ ಎಷ್ಟೋ ಸಲ ಬರೋದು 'ಹೃದಯಾಘಾತ' ಅಂತ. ಹಾಗಾದ್ರೆ ಶಾಖದ ಪಾಲು ತಿಳಿಯೋದು ಹೇಗೆ? ಹಲವು ವರ್ಷಗಳ ದಿನದಿನದ ಸಾವಿನ ಸಂಖ್ಯೆಯನ್ನ ಆಯಾ ದಿನದ ತಾಪಮಾನದ ಪಕ್ಕ ಇಟ್ಟು ನೋಡ್ತಾರೆ. ಹಾರ್ವರ್ಡ್‌ನಲ್ಲಿ ಸಾರ್ವಜನಿಕ ಆರೋಗ್ಯ ಓದಿದ ಕುವೈತ್‌ನ ವೈದ್ಯ ಬರ್ರಾಕ್ ಅಲ್‌ಅಹ್ಮದ್ ಮತ್ತು ಸಂಗಡಿಗರು 2020ರಲ್ಲಿ ಪ್ರಕಟಿಸಿದ್ದು ಇಂಥದ್ದೇ ಅಧ್ಯಯನ. ತೀವ್ರ ಶಾಖದ ಅಪಾಯ ಕುವೈತಿಗಳಲ್ಲದವರಲ್ಲಿ, ಅದರಲ್ಲೂ ಗಂಡಸರಲ್ಲಿ, ಎದ್ದು ಕಂಡಿತು. ಆ ಗುಂಪಿನಲ್ಲಿ ನಮ್ಮ ಕರಾವಳಿಯವರೂ ಇದ್ದಾರೆ.

ಜೂನ್‌ನಿಂದ ಆಗಸ್ಟ್ ಕೊನೆಯವರೆಗೆ ಬೆಳಗ್ಗೆ 11ರಿಂದ ಸಂಜೆ 4ರ ತನಕ ಬಿಸಿಲಲ್ಲಿ ಕೆಲಸ ಮಾಡಿಸಬಾರದು ಅಂತ ಅಲ್ಲಿ ನಿಯಮ ಇದೆ. ಒಳ್ಳೇದೇ. ಆದರೆ ಅದು ಗಡಿಯಾರ ನೋಡುತ್ತೆ, ಗಾಳಿಯ ತೇವ ನೋಡಲ್ಲ. ತೇವ ಹೆಚ್ಚಿದ್ರೆ ಬೆವರು ಆರಲ್ಲ, ಮೈ ತಣಿಯಲ್ಲ. ಹತ್ತು ಗಂಟೆಗೂ ಅಪಾಯ ಇರಬಹುದು. ಇದನ್ನ ಕಾರ್ಖಾನೆ ಮಾಲೀಕರಿಗೆ, ಅಧಿಕಾರಿಗಳಿಗೆ, ಕೆಲಸಗಾರರಿಗೆ ಹೇಳೋದು ಯಾರ ಕೆಲಸ? ಗೊತ್ತಿದ್ದವರದ್ದೇ ಅಂತ ನಮಗನ್ನಿಸುತ್ತೆ.

ಇದು ಕನ್ನಡಕ್ಕೆ ಹೊಸದೇನಲ್ಲ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಭೌತವಿಜ್ಞಾನ ಕಲಿಸ್ತಿದ್ದ ಬೆಳ್ಳಾವೆ ವೆಂಕಟನಾರಣಪ್ಪನವರು, ನಂಗಪುರಂ ವೆಂಕಟೇಶ ಅಯ್ಯಂಗಾರ್ಯರ ಜೊತೆ ಸೇರಿ 1918ರಲ್ಲೇ 'ವಿಜ್ಞಾನ' ಅನ್ನೋ ಮಾಸಪತ್ರಿಕೆ ತಂದ್ರು. ಎರಡು ವರ್ಷ ನಡೆದು ನಿಂತುಹೋಯ್ತು. ಆದರೆ ಪಾಠ ಮಾಡೋರು ಕ್ಲಾಸಿನ ಹೊರಗೂ ತಮ್ಮ ಮಾತಲ್ಲಿ ಹೇಳಬೇಕು ಅನ್ನೋ ದಾರಿ ಉಳೀತು. ಆ ದಾರಿಯಲ್ಲಿ ನಡೆದವರ ಶ್ರಮವನ್ನ ವಿಶ್ವವಿದ್ಯಾಲಯಗಳು ಬಡ್ತಿಯ ಕಾಗದದಲ್ಲೂ ಬರೆದುಕೊಳ್ಳಲಿ.

ಮುಗಿಸೋ ಮುಂಚೆ ಒಂದು ಮಾತು, ಗಲ್ಫ್‌ನಲ್ಲಿ ಹೊರಗೆ ದುಡಿಯೋ ನಿಮ್ಮವರಿಗೆ ದಾಟಿಸಿ. ಬಿಸಿಲಲ್ಲಿ ಜೊತೆಗಾರ ತೊದಲಿದ್ರೆ, ದಿಕ್ಕು ತಪ್ಪಿದ ಹಾಗೆ ಆಡಿದ್ರೆ, ಪ್ರಜ್ಞೆ ತಪ್ಪಿದ್ರೆ ಕಾಯಬೇಡಿ. ನೆರಳಿಗೆ ತನ್ನಿ, ಮೈಮೇಲೆ ನೀರು ಹಾಕಿ, ಗಾಳಿ ಬೀಸಿ. ಕುವೈತ್‌ನಲ್ಲಿ ತುರ್ತು ಸಂಖ್ಯೆ 112. ಮುಂದಿನ ಸಂಚಿಕೆಯಲ್ಲಿ ಸಿಗೋಣ.