ತೂಕ ಇಳಿಸುವ ಕೆಲಸ ಅಡುಗೆಮನೆಯಿಂದ ಆರಂಭವಾಗಲಿ

ಕಳೆದ ವರ್ಷದ ಮಾತು. ಅತ್ತೆಯವರ ರಕ್ತದೊತ್ತಡ ಪರೀಕ್ಷೆಗೆಂದು ನನ್ನ ಕ್ಲಿನಿಕ್ಕಿಗೆ ಬಂದಿದ್ದ 43 ವರ್ಷದ ಗೃಹಿಣಿಯೊಬ್ಬರು ಹೊರಡುವ ಮುನ್ನ ತಾವೂ ತೂಕದ ಯಂತ್ರ ಹತ್ತಿದರು. ಎತ್ತರ 155 ಸೆಂಟಿಮೀಟರ್, ತೂಕ 68 ಕಿಲೊ. ಅವರ ತಾಯಿಗೆ ಮಧುಮೇಹವಿದೆ ಎಂದು ತಿಳಿದಾಗ ರಕ್ತ ಪರೀಕ್ಷೆ ಮಾಡಿಸಿದೆ. ಬರಿಹೊಟ್ಟೆಯಲ್ಲಿ ಸಕ್ಕರೆ 112 ಇತ್ತು. ಇದು 100ರ ಒಳಗಿರಬೇಕು. 126 ದಾಟಿದರೆ ಮಧುಮೇಹ. ಅಂದರೆ ಕಾಯಿಲೆ ಇನ್ನೂ ಒಳಗೆ ಬಂದಿರಲಿಲ್ಲ, ಹೊಸ್ತಿಲಲ್ಲಿ ನಿಂತಿತ್ತು.

ತೂಕ ಇಳಿಸಬೇಕು ಎಂದೆ. 'ಅದೂ ಆಯಿತು ಡಾಕ್ಟರೇ. ಯುಗಾದಿಯ ದಿನ ಶುರು ಮಾಡಿದ್ದೆ. ಬೆಳಿಗ್ಗೆ ಐದಕ್ಕೆದ್ದು ಒಂದು ಗಂಟೆ ನಡಿಗೆ. ರಾತ್ರಿ ನನಗೆ ಎರಡು ಒಣ ಚಪಾತಿ, ಮನೆಯವರಿಗೆ ಬೇರೆ ಅಡುಗೆ. ಹದಿನೆಂಟನೆಯ ದಿನ ಮಗನಿಗೆ ಜ್ವರ ಬಂತು, ಎಲ್ಲ ನಿಂತುಹೋಯಿತು. ನನಗೆ ಮನೋಬಲವೇ ಇಲ್ಲ' ಎಂದರು.

ಇಂಥ ಮಾತನ್ನು ನಾನು ವಾರಕ್ಕೊಮ್ಮೆಯಾದರೂ ಕೇಳುತ್ತೇನೆ. ಆದರೆ ತಪ್ಪು ಅವರ ಮನೋಬಲದ್ದಲ್ಲ, ಯೋಜನೆಯದ್ದು. ಮನೆಯ ಒಬ್ಬರಿಗೆ ಮಾತ್ರ ಪಥ್ಯ, ಅದಕ್ಕಾಗಿ ಎರಡು ಅಡುಗೆ, ಮೊದಲ ದಿನವೇ ಒಂದು ಗಂಟೆ ವ್ಯಾಯಾಮ ಎಂದರೆ ಯಾರಿಂದಲೂ ಹೆಚ್ಚು ದಿನ ನಡೆಯದು.

ಎಷ್ಟು ಇಳಿಸಬೇಕು?

ಮೊದಲು ಒಂದು ಟೇಪು ತೆಗೆದುಕೊಳ್ಳಿ. ಕೊನೆಯ ಪಕ್ಕೆಲುಬು ಮತ್ತು ಸೊಂಟದ ಮೂಳೆಯ ಮೇಲಂಚು, ಇವೆರಡರ ನಡುವೆ, ಉಸಿರನ್ನು ಸಹಜವಾಗಿ ಹೊರಬಿಟ್ಟು ಸುತ್ತಳತೆ ನೋಡಿ. ಹೊಟ್ಟೆಯನ್ನು ಒಳಕ್ಕೆಳೆದು ನಿಮಗೆ ನೀವೇ ಮೋಸ ಮಾಡಿಕೊಳ್ಳಬೇಡಿ. ಭಾರತೀಯರಲ್ಲಿ ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರ್ ದಾಟಿದರೆ ಎಚ್ಚರಿಕೆಯ ಗಂಟೆ. ಕೈಕಾಲು ಸಣ್ಣಗಿದ್ದು ಹೊಟ್ಟೆ ಮಾತ್ರ ಮುಂದೆ ಬಂದಿದ್ದರೂ ಅಪಾಯ ತಪ್ಪಿದ್ದಲ್ಲ. ಕರುಳು, ಯಕೃತ್ತುಗಳ ಸುತ್ತ ಶೇಖರವಾಗುವ ಕೊಬ್ಬು ಇನ್ಸುಲಿನ್ನಿನ ಕೆಲಸಕ್ಕೆ ಅಡ್ಡಿಪಡಿಸುತ್ತದೆ. ಮಧುಮೇಹ, ರಕ್ತದೊತ್ತಡ, ಹೃದ್ರೋಗಗಳಿಗೆ ಇದು ದಾರಿ.

ಮದುವೆಯ ದಿನದ ತೂಕಕ್ಕೆ ಮರಳುವ ಹಟ ಬೇಡ. ಈಗಿನ ತೂಕದಲ್ಲಿ ನೂರಕ್ಕೆ ಐದರಿಂದ ಏಳು ಭಾಗ ಇಳಿದರೂ ದೊಡ್ಡ ಲಾಭವಿದೆ. 2002ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ, ಮಧುಮೇಹದ ಹೊಸ್ತಿಲಲ್ಲಿದ್ದವರಿಗೆ ಶೇಕಡಾ 7ರಷ್ಟು ತೂಕ ಇಳಿಸುವ, ವಾರಕ್ಕೆ 150 ನಿಮಿಷ ನಡೆಯುವ ಗುರಿ ಕೊಟ್ಟಾಗ ಕಾಯಿಲೆ ಬರುವ ಸಂಭವ ಶೇಕಡಾ 58ರಷ್ಟು ಕಡಿಮೆಯಾಯಿತು. 2006ರಲ್ಲಿ ಪ್ರಕಟವಾದ ಚೆನ್ನೈನ ಅಧ್ಯಯನದಲ್ಲಿ ಆಹಾರ, ವ್ಯಾಯಾಮಗಳ ಬದಲಾವಣೆಯಿಂದ ಈ ಸಂಭವ ಶೇಕಡಾ 28ರಷ್ಟು ತಗ್ಗಿತು. ಅಲ್ಲಿ ತೂಕ ಹೇಳಿಕೊಳ್ಳುವಷ್ಟು ಇಳಿದಿರಲೂ ಇಲ್ಲ! ತಕ್ಕಡಿಯ ಮುಳ್ಳು ಅಲುಗದಿದ್ದರೂ ದೇಹದೊಳಗೆ ಒಳ್ಳೆಯದು ನಡೆಯುತ್ತಿರುತ್ತದೆ ಎಂಬುದನ್ನು ಮರೆಯಬಾರದು.

ಎಲ್ಲರಿಗೂ ಒಂದೇ ಅಡುಗೆ

ತೂಕ ಇಳಿಯುವುದು ಮುಖ್ಯವಾಗಿ ತಟ್ಟೆಯಿಂದ; ಇಳಿದ ತೂಕ ಮತ್ತೆ ಏರದಂತೆ ಕಾಯುವುದು ವ್ಯಾಯಾಮ. ಅರ್ಧ ಗಂಟೆ ಬಿರುಸಾಗಿ ನಡೆದರೆ ಸುಮಾರು 120ರಿಂದ 150 ಕ್ಯಾಲೊರಿ ಖರ್ಚಾಗುತ್ತದೆ. ಒಂದು ದೊಡ್ಡ ಚಮಚ ಎಣ್ಣೆಯಲ್ಲೇ 120 ಕ್ಯಾಲೊರಿ ಇದೆ. ನಡೆದು ಬಂದು ಒಂದು ಮಸಾಲೆದೋಸೆ ತಿಂದರೆ ಲೆಕ್ಕ ಏನಾಯಿತೆಂದು ನೀವೇ ಊಹಿಸಿ.

ಹಾಗೆಂದು ಉಪವಾಸ ಬೇಡ, ಬೇರೆ ಅಡುಗೆಯೂ ಬೇಡ. ಮನೆಯ ಒಂದೇ ಅಡುಗೆಯಲ್ಲಿ ನಾಲ್ಕು ಬದಲಾವಣೆ ಸಾಕು.

ಒಂದು, ಎಣ್ಣೆ. ಹೊಸ ಪೊಟ್ಟಣ ಒಡೆದ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಒಬ್ಬರಿಗೆ ತಿಂಗಳಿಗೆ ಅರ್ಧ ಲೀಟರಿನ ಲೆಕ್ಕದಲ್ಲಿ, ನಾಲ್ವರ ಮನೆಗೆ ಎರಡು ಲೀಟರ್ ಗುರಿಯಿರಲಿ. ಈಗ ನಾಲ್ಕು ಲೀಟರ್ ಆಗುತ್ತಿದ್ದರೆ ಮೊದಲ ತಿಂಗಳು ಮೂರಕ್ಕೆ ಇಳಿಸಿ. ಬಾಟಲಿಯಿಂದ ಸುರಿಯದೆ ಚಮಚದಲ್ಲಿ ಅಳೆದು ಹಾಕಿದರೆ ಇದು ತಾನಾಗಿಯೇ ಆಗುತ್ತದೆ.

ಎರಡು, ಕಾಫಿ ಟೀ. ದಿನಕ್ಕೆ ನಾಲ್ಕು ಲೋಟ, ಲೋಟಕ್ಕೆ ಎರಡು ಚಮಚ ಸಕ್ಕರೆಯಾದರೆ ತಿಂಗಳಿಗೆ ಒಬ್ಬರೇ ಒಂದು ಕಿಲೊಗಿಂತ ಹೆಚ್ಚು ಸಕ್ಕರೆ ಕುಡಿದಂತಾಯಿತು. ವಾರಕ್ಕೆ ಅರ್ಧ ಚಮಚದಂತೆ ತಗ್ಗಿಸಿ. ನಾಲಿಗೆ ಬೇಗ ಒಗ್ಗುತ್ತದೆ. ಬೆಲ್ಲ ಹಾಕಿದರೆ ಪರವಾಗಿಲ್ಲ ಎಂಬುದು ತಪ್ಪು ತಿಳಿವಳಿಕೆ.

ಮೂರು, ತಟ್ಟೆ. ಅರ್ಧ ಭಾಗ ಪಲ್ಯ, ಸೊಪ್ಪು, ಕೋಸಂಬರಿಗಳಿರಲಿ. ಮೊದಲು ಅವನ್ನು ತಿನ್ನಿ, ಆಮೇಲೆ ಅನ್ನ ಅಥವಾ ಮುದ್ದೆ. ತಿಳಿಸಾರಿನ ಬದಲು ಗಟ್ಟಿ ತೊವ್ವೆ, ಹುರುಳಿ, ಹೆಸರುಕಾಳು, ಕಡಲೆಕಾಳು ಹೆಚ್ಚಲಿ. ಮೊಟ್ಟೆ, ಮೀನು ತಿನ್ನುವವರು ಅವನ್ನೂ ಸೇರಿಸಿಕೊಳ್ಳಬಹುದು. ಪ್ರೋಟೀನು ಇದ್ದರೆ ಹಸಿವು ಬೇಗ ಮರಳುವುದಿಲ್ಲ. 'ಅನ್ನ ಬಿಟ್ಟು ರಾಗಿ ತಿಂದರೆ ಸಾಕೇ?' ಎಂದು ಕೇಳುವವರುಂಟು. ರಾಗಿಯಲ್ಲಿ ನಾರು, ಸುಣ್ಣದ ಅಂಶ ಹೆಚ್ಚು, ನಿಜ. ಆದರೆ ನೂರು ಗ್ರಾಂ ರಾಗಿಯಲ್ಲಿ ಸುಮಾರು 320 ಕ್ಯಾಲೊರಿ, ಅಕ್ಕಿಯಲ್ಲಿ ಸುಮಾರು 350. ಮುದ್ದೆಯ ಗಾತ್ರ ದೊಡ್ಡದಾದರೆ ಪ್ರಯೋಜನವಿಲ್ಲ.

ನಾಲ್ಕು, ಉಳಿದ ಅಡುಗೆ. ಎಲ್ಲರ ಊಟವಾದ ಮೇಲೆ ಪಾತ್ರೆಯ ತಳದಲ್ಲಿ ಉಳಿದದ್ದನ್ನು ಎಸೆಯಲು ಮನಸ್ಸಾಗದೆ ತಿಂದು ಮುಗಿಸುವ ತಾಯಂದಿರು ಎಷ್ಟೋ ಮಂದಿ. ಆ ಗೃಹಿಣಿಯ ಹೊಟ್ಟೆಯ ಸುತ್ತ ಸೇರಿದ್ದರಲ್ಲಿ ಇದರ ಪಾಲು ದೊಡ್ಡದು. ಅನ್ನ ಎಸೆಯಬಾರದು ಎಂಬುದು ಒಳ್ಳೆಯ ಸಂಸ್ಕಾರವೇ. ಅದಕ್ಕೆ ದಾರಿ ಅಳತೆಯ ಪಾವಿನಲ್ಲಿ ಅಕ್ಕಿ ಕಡಿಮೆ ಹಾಕುವುದೇ ಹೊರತು ನಿಮ್ಮ ಹೊಟ್ಟೆಯನ್ನು ಉಗ್ರಾಣ ಮಾಡುವುದಲ್ಲ. ಮನೆಮಂದಿ ಒಟ್ಟಿಗೆ ಕುಳಿತು ಊಟ ಮಾಡಿದರೆ ಈ ಸಮಸ್ಯೆ ಅರ್ಧ ಕಡಿಮೆಯಾಗುತ್ತದೆ.

ಹತ್ತು ನಿಮಿಷದ ಆರಂಭ

ಮೊದಲ ವಾರ ರಾತ್ರಿ ಊಟದ ನಂತರ ಹತ್ತು ನಿಮಿಷ ನಡೆಯಿರಿ. ಬೀದಿಯಾಗದಿದ್ದರೆ ತಾರಸಿ, ಅದೂ ಇಲ್ಲದಿದ್ದರೆ ನಡುಮನೆ ಸಾಕು. ವಾರಕ್ಕೆ ಐದು ನಿಮಿಷದಂತೆ ಹೆಚ್ಚಿಸಿದರೆ ಐದನೆಯ ವಾರಕ್ಕೆ ಅರ್ಧ ಗಂಟೆಯಾಗುತ್ತದೆ. ವಾರಕ್ಕೆ ಐದು ದಿನ ನಡೆದರೆ 150 ನಿಮಿಷ. ನಡೆಯುವಾಗ ಮಾತನಾಡಲು ಸಾಧ್ಯವಾಗಬೇಕು, ಹಾಡಲು ಆಗಬಾರದು. ಅಷ್ಟು ವೇಗ ಸರಿ.

ವಾರದಲ್ಲಿ ಎರಡು ಮೂರು ದಿನ ಸ್ನಾಯುಗಳಿಗೂ ಕೆಲಸ ಕೊಡಿ. ಕೈಯೂರದೆ ಕುರ್ಚಿಯಿಂದ ಎದ್ದು ಕೂರುವುದು ಹತ್ತು ಸಲ, ಗೋಡೆಗೆ ಅಂಗೈ ಊರಿ ಎದೆಯನ್ನು ಗೋಡೆಯತ್ತ ಬಗ್ಗಿಸಿ ಹಿಂದೆ ತಳ್ಳುವುದು ಹತ್ತು ಸಲ, ಹಿಮ್ಮಡಿ ಎತ್ತಿ ಇಳಿಸುವುದು ಹದಿನೈದು ಸಲ. ಹಾಲು ಕಾಯುವಷ್ಟರಲ್ಲಿ ಮುಗಿಯುತ್ತದೆ. ಹೊಟ್ಟೆಯ ವ್ಯಾಯಾಮ ಮಾಡಿದರೆ ಹೊಟ್ಟೆಯ ಬೊಜ್ಜು ಮಾತ್ರ ಕರಗುತ್ತದೆ ಎಂಬುದು ನಿಜವಲ್ಲ.

'ಮನೆಗೆಲಸವೇ ವ್ಯಾಯಾಮವಲ್ಲವೇ?' ಎಂಬ ಪ್ರಶ್ನೆ ಬಂದೇ ಬರುತ್ತದೆ. ನೆಲ ಒರೆಸುವಾಗ, ಬಟ್ಟೆ ಒಗೆಯುವಾಗ ಉಸಿರು ಬಿರುಸಾದರೆ ಹೌದು. ನಿಂತು ತರಕಾರಿ ಹೆಚ್ಚಿದರೆ ದಣಿವಾಗುತ್ತದೆ, ವ್ಯಾಯಾಮವಾಗುವುದಿಲ್ಲ.

ಜ್ವರ, ಹಬ್ಬ, ನೆಂಟರು ಎಲ್ಲ ಮನೆಗೂ ಬರುತ್ತಾರೆ. ಒಂದು ದಿನ ತಪ್ಪಿದರೆ ಚಿಂತೆಯಿಲ್ಲ, ಸತತ ಎರಡು ದಿನ ತಪ್ಪಿಸಬೇಡಿ. ತೂಕವನ್ನು ವಾರಕ್ಕೊಮ್ಮೆ, ಬೆಳಿಗ್ಗೆ ಬರಿಹೊಟ್ಟೆಯಲ್ಲಿ ನೋಡಿದರೆ ಸಾಕು. ತಿಂಗಳಿಗೆ ಒಂದು ಕಿಲೊ ಇಳಿದರೂ ಅದು ಒಳ್ಳೆಯ ವೇಗ.

ವೈದ್ಯರನ್ನು ಕಾಣಬೇಕಾದವರು

ಇನ್ಸುಲಿನ್ ಅಥವಾ ಮಧುಮೇಹದ ಮಾತ್ರೆ ತೆಗೆದುಕೊಳ್ಳುವವರು ವೈದ್ಯರಿಗೆ ತಿಳಿಸದೆ ಊಟ ತಗ್ಗಿಸಬಾರದು. ರಕ್ತದ ಸಕ್ಕರೆ ಹಠಾತ್ತನೆ ಕುಸಿದು ಪ್ರಜ್ಞೆ ತಪ್ಪಬಹುದು. ಹೃದ್ರೋಗಿಗಳು, ನಡೆಯುವಾಗ ಎದೆನೋವು ಅಥವಾ ವಿಪರೀತ ಏದುಸಿರು ಬರುವವರು ಮೊದಲು ಪರೀಕ್ಷೆ ಮಾಡಿಸಿಕೊಳ್ಳಬೇಕು. ಗರ್ಭಿಣಿಯರು ತೂಕ ಇಳಿಸುವ ಪಥ್ಯಕ್ಕೆ ಕೈಹಾಕಬಾರದು. ಪ್ರಯತ್ನವಿಲ್ಲದೆಯೇ ತೂಕ ಇಳಿಯುತ್ತಿದ್ದರೆ ಸಂತೋಷಪಡಬೇಡಿ, ಕಾರಣ ಹುಡುಕಿಸಿ. ತಿಂಗಳಲ್ಲಿ ಹತ್ತು ಕಿಲೊ ಇಳಿಸುವ ಪುಡಿ, ಬೆಲ್ಟುಗಳ ಜಾಹೀರಾತಿಗೆ ಹಣ ಕಳೆದುಕೊಳ್ಳಬೇಡಿ.

ಆ ಗೃಹಿಣಿಗೆ ನಾನು ಔಷಧಿ ಬರೆಯಲಿಲ್ಲ. 'ಮುಂದಿನ ಸಲ ಯಜಮಾನರನ್ನೂ ಕರೆತನ್ನಿ' ಎಂದೆ. ಬಂದರು, ಅವರ ಸೊಂಟ 98 ಸೆಂಟಿಮೀಟರ್ ಇತ್ತು! ಅಂದಿನಿಂದ ರಾತ್ರಿಯ ನಡಿಗೆ ಇಬ್ಬರದಾಯಿತು, ಅಡುಗೆ ಎಲ್ಲರದೂ ಒಂದೇ ಆಯಿತು. ಆರು ತಿಂಗಳ ನಂತರ ಆಕೆಯ ತೂಕ 64.5 ಕಿಲೊ, ಬರಿಹೊಟ್ಟೆಯ ಸಕ್ಕರೆ 98. ನೋಡಿದವರಿಗೆ ಆಕೆ ತೆಳ್ಳಗಾದಂತೆ ಕಾಣುವುದಿಲ್ಲ. ಆದರೆ ಹೊಸ್ತಿಲಲ್ಲಿ ನಿಂತಿದ್ದ ಕಾಯಿಲೆ ಒಂದೆರಡು ಹೆಜ್ಜೆ ಹಿಂದೆ ಸರಿದಿದೆ. ಅದು ಮತ್ತೆ ಬಾರದಂತೆ ವರ್ಷಕ್ಕೊಮ್ಮೆ ಪರೀಕ್ಷೆ, ದಿನವೂ ನಡಿಗೆ ಮುಂದುವರಿಯಬೇಕು.

ನೀವೂ ಆರಂಭಿಸುವುದಾದರೆ ಮುಂದಿನ ಯುಗಾದಿಗೆ ಕಾಯಬೇಡಿ. ಇಂದು ರಾತ್ರಿ ಊಟವಾದ ಮೇಲೆ ಮನೆಯವರೊಬ್ಬರನ್ನು ಜೊತೆಗೆ ಕರೆದುಕೊಂಡು ಹತ್ತು ನಿಮಿಷ ನಡೆದು ಬನ್ನಿ.